ಐವತ್ತೆಂಟು ಬೈಕ್ ಎಬ್ಬಿಸುವ ನಂಜುಂಡಸ್ವಾಮಿ

ಮಾರ್ಚ್ ತಿಂಗಳ ಬೆಳಗಿನ ಆರೂವರೆ. ಡಚ್ ಊರಾದ ಹಾರ್ಲೆಮ್‌ನ ಹೊರಗೆ, ಹಿಂದೆ ಹೂಗಡ್ಡೆ ಒಣಗಿಸುತ್ತಿದ್ದ, ಈಗ ಚಳಿಗಾಲಕ್ಕೆ ಊರವರ ಬೈಕುಗಳನ್ನು ಬಾಡಿಗೆಗೆ ಇಟ್ಟುಕೊಳ್ಳುವ ಹಳೆಯ ಶೆಡ್ಡಿನಲ್ಲಿ ನಂಜುಂಡಸ್ವಾಮಿ ಒಂದು ಬೈಕಿನ ಸೈಲೆನ್ಸರ್ ಬಾಯಿಂದ ಬಟ್ಟೆಯ ಉಂಡೆ ಎಳೆಯುತ್ತಿದ್ದಾರೆ. ಚಳಿಗಾಲದಲ್ಲಿ ಇಲಿ ಒಳಗೆ ಸಂಸಾರ ಹೂಡದಿರಲಿ ಎಂದು ನವೆಂಬರಿನಲ್ಲಿ ತುರುಕಿದ್ದು. ಬ್ಯಾಟರಿ ಕೂರಿಸುತ್ತಾರೆ, ಟೈರಿನ ಗಾಳಿ ನೋಡುತ್ತಾರೆ, ಬ್ರೇಕ್ ಹಿಡಿದು ಬಿಟ್ಟು ನೋಡುತ್ತಾರೆ. ಆಮೇಲೆ ಸ್ವಿಚ್. ನಾಲ್ಕು ತಿಂಗಳು ಮಿಸುಕದೆ ನಿಂತಿದ್ದ ಎಂಜಿನ್ ಮೊದಲ ಸಲಕ್ಕೇ ಗುಡುಗುತ್ತದೆ.

ಅದು ನನ್ನ ಬೈಕು. ನಾನೇ ನೋಡಿಕೊಂಡ ಮೂರು ವರ್ಷ ಅದು ಹೀಗೆ ಎದ್ದದ್ದೇ ಇಲ್ಲ. ಈ ಲೇಖನವನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ಮೂರು ವರ್ಷ ನಾನು ಬೈಕನ್ನು ಮನೆಯ ಹಿತ್ತಲಲ್ಲೇ ಇಟ್ಟುಕೊಂಡು, ಪ್ಲಾಸ್ಟಿಕ್ ಹೊದಿಸಿ, ಬೆಂಗಳೂರಿನ ಅಭ್ಯಾಸದಂತೆ ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿಡುತ್ತಿದ್ದೆ. ಬೇಸಿಗೆ ಬರುವ ಹೊತ್ತಿಗೆ ಬ್ಯಾಟರಿ ಸತ್ತು, ಸೈಲೆನ್ಸರ್ ಒಳಗೆ ನೀರಾಡಿ ತುಕ್ಕು ಹಿಡಿದಿರುತ್ತಿತ್ತು. "ಈ ಥಂಡೀಲಿ ಎಂಜಿನ್ ಪೂರ್ತಿ ಬಿಸಿ ಆಗೋಕೆ ಮುಂಚೆ ಆಫ್ ಮಾಡ್ತೀರಾ, ಒಳಗೆಲ್ಲ ಬೆವರುತ್ತೆ. ಐದೈದು ನಿಮಿಷಕ್ಕೆ ಎಬ್ಬಿಸಿ ಎಬ್ಬಿಸಿ ಮಲಗಿಸಿದ್ರೆ ಯಾರಿಗ್ ತಾನೇ ನಿದ್ದೆ ಆಗುತ್ತೆ ಸಾರ್?" ಎಂದು ನಂಜುಂಡಸ್ವಾಮಿ ನಕ್ಕಿದ್ದರು. ಅವರ ವಿಧಾನವೇ ಬೇರೆ. ಟ್ಯಾಂಕು ಬಾಯಿಮಟ್ಟ ತುಂಬಿಸಿ, ಆಯಿಲ್ ಬದಲಿಸಿ, ಚೈನಿಗೆ ಎಣ್ಣೆ ಹಚ್ಚಿ, ಚಕ್ರಗಳನ್ನು ನೆಲದಿಂದ ಎತ್ತಿ, ಹಳೆಯ ಬೆಡ್‌ಶೀಟ್ ಹೊದಿಸುತ್ತಾರೆ. ಆಮೇಲೆ ನಾಲ್ಕು ತಿಂಗಳು ಯಾರೂ ಕೈಯಿಡುವಂತಿಲ್ಲ.

ನಲವತ್ತೇಳು ವರ್ಷದ ಇವರು ಚಾಮರಾಜನಗರದಲ್ಲಿ ಬೈಕ್ ಮೆಕ್ಯಾನಿಕ್ ಆಗಿದ್ದವರು. ೨೦೦೬ರಲ್ಲಿ ಇಲ್ಲಿನ ಒಂದು ಇಂಡಿಯನ್ ಹೋಟೆಲಿಗೆ ಅಡುಗೆಯವರಾಗಿ ಬಂದರು. ಹೋಟೆಲ್ ಮುಚ್ಚಿದಾಗ ಈ ಶೆಡ್ಡಿನ ಯಜಮಾನ ಹೆಂಕ್ ಇವರನ್ನು ಕಸ ಗುಡಿಸುವ ಕೆಲಸಕ್ಕೆ ಇಟ್ಟುಕೊಂಡ. ಒಂದು ದಿನ ಎಲ್ಲರೂ ಕೈಬಿಟ್ಟಿದ್ದ ಗಾಡಿಯೊಂದನ್ನು ಪೊರಕೆ ಬದಿಗಿಟ್ಟು ಎಬ್ಬಿಸಿಕೊಟ್ಟರು. ಅಂದಿನಿಂದ ಎಂಟು ವರ್ಷ, ವರ್ಷಕ್ಕೆ ಐವತ್ತೆಂಟು ಬೈಕು. ಯಾವುದಕ್ಕೆ ಯಾವ ಕಾಯಿಲೆ ಎಂಬುದೆಲ್ಲ ಬಾಯಿಪಾಠ.

ಇಷ್ಟಾದರೂ ಒಂದನ್ನೂ ಅವರು ಓಡಿಸಿಲ್ಲ. ಗೇಟಿನವರೆಗೆ ತಳ್ಳಿಕೊಂಡು ಹೋಗುತ್ತಾರೆ, ಅಲ್ಲಿಂದ ಹೆಂಕ್ ಹತ್ತಿ ಒಂದು ಸುತ್ತು ಹಾಕಿ ಬರುತ್ತಾನೆ. ಇಂಡಿಯಾದ ಲೈಸೆನ್ಸ್ ಇಲ್ಲಿ ಆರು ತಿಂಗಳ ಮೇಲೆ ನಡೆಯುವುದಿಲ್ಲ. ದೊಡ್ಡ ಕಂಪನಿಗಳ ಬಡಾವಣೆಯಾದ ಜೈಡಾಸ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನಗೆ ಮಾತ್ರ, ಹೊರದೇಶದಿಂದ ಕಂಪನಿಗಳು ಕರೆಸಿಕೊಂಡ ತಜ್ಞರಿಗೆ ಸಿಗುವ ತೆರಿಗೆ ರಿಯಾಯಿತಿಯ ಜೊತೆಗೆ ಬಂದ ಸೌಲಭ್ಯದಿಂದ, ಪರೀಕ್ಷೆಯೇ ಇಲ್ಲದೆ ಡಚ್ ಲೈಸೆನ್ಸ್ ಸಿಕ್ಕಿತು. ಹೋಟೆಲ್ ಅಡುಗೆಯವರಿಗೆ ಆ ಸೌಲಭ್ಯವಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ.

"ನಮ್ಮನ್ನ ಕಂಡ್ರೆ ನಿಮಗೆ ಹೊಟ್ಟೆ ಉರಿಯಲ್ವಾ?" ಎಂದು ಕೇಳಿಯೇ ಬಿಟ್ಟೆ.

"ಉರಿಯುತ್ತೆ ಸಾರ್, ಸುಳ್ಳ್ಯಾಕೆ ಹೇಳ್ಲಿ? ಮೊದಲ್ನೇ ಬಿಸಿಲು ಬಿದ್ದ ಭಾನುವಾರ ಎಲ್ಲ ಬಂದು ಭರ್ರ್ ಅಂತ ಹೋಗ್ತೀರಾ. ನಾನು ಸೈಕಲ್ ತುಳ್ಕೊಂಡು ಮನೆಗ್ ಹೋಗ್ತೀನಿ. ಅವತ್ತು ಊಟ ಸೇರಲ್ಲ."

ಎರಡು ಸಲ ಪರೀಕ್ಷೆಗೆ ಕೂತಿದ್ದಾರೆ, ಎರಡು ಸಲವೂ ಫೇಲು. ಮೊದಲ ಸಲ ಊರಿನ ಅಭ್ಯಾಸದಂತೆ ತಿರುವಿನಲ್ಲಿ ಹಾರ್ನ್ ಹೊಡೆದರು, ಇಲ್ಲಿ ಅದು ತಪ್ಪು. ಎರಡನೇ ಸಲ ತಿರುಗುವ ಮುಂಚೆ ಭುಜದ ಮೇಲಿಂದ ಹಿಂದೆ ನೋಡಲಿಲ್ಲ. "ನಮ್ಮೂರಲ್ಲಿ ಹಿಂದಿನೋನು ಅವನ ಪಾಡು ನೋಡ್ಕೋತಾನೆ, ನಾವ್ ಮುಂದೆ ನೋಡ್ಬೇಕು. ಊರಲ್ಲೇ ಪಳಗಿದ ಕತ್ತು ಸಾರ್, ತಿರುಗು ಅಂದ್ರೆ ತಿರುಗಲ್ಲ." ಈಗ ಕೆಲಸಕ್ಕೆ ಬರುವ ದಾರಿಯಲ್ಲಿ, ಸೈಕಲ್ ಮೇಲೆ, ಪ್ರತಿ ತಿರುವಿಗೂ ಕತ್ತು ತಿರುಗಿಸಿ ಅಭ್ಯಾಸ ಮಾಡುತ್ತಾರೆ. ಹೆಂಡತಿ ರುಕ್ಮಿಣಿ ಕತ್ತಿಗೆ ನೋವಿನೆಣ್ಣೆ ತಿಕ್ಕುತ್ತಾರೆ.

ಮೂರನೇ ಪರೀಕ್ಷೆ ಬರುವ ಗುರುವಾರ. ಈ ಸಲವೂ ಹೋದರೆ ಮತ್ತೆ ಕೂರುವುದಿಲ್ಲ ಎಂದು ರುಕ್ಮಿಣಿಯವರಿಗೆ ಮಾತು ಕೊಟ್ಟಿದ್ದಾರೆ. ಪಾಸಾಗಲಿ ಎಂದು ನಾನು ಹಾರೈಸಿದೆ. ಹಾರೈಸುವಾಗಲೇ ಒಳಗೊಂದು ಕೆಟ್ಟ ಮನಸ್ಸು, ಪಾಸಾಗುವುದು ಬೇಡ ಎಂದಿತು. ಎಬ್ಬಿಸುವುದೂ ಅವರಿಗೇ ಬಂದು, ಓಡಿಸುವುದೂ ಅವರದೇ ಆದರೆ, ನನ್ನದು ಅಂತ ಏನುಳಿಯಿತು?

"ಪಾಸಾದ್ರೆ ಯಾವ ಬೈಕ್ ತಗೋತೀರಿ?" ಎಂದೆ.

ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ ಅವರು ಸಾಲು ನಿಂತ ಗಾಡಿಗಳ ಕಡೆ ನೋಡಿದರು.

"ನನಗ್ಯಾಕೆ ಸಾರ್ ಬೈಕು? ಗೇಟಿಂದ ಆ ಸೇತುವೆ ತನಕ ಹೋಗ್ಬರೋದು, ಎರಡು ಕಿಲೋಮೀಟರು. ಐವತ್ತೆಂಟನ್ನೂ ಒಂದೊಂದ್ಸಲ. ಆಮೇಲೆ ಅವರವರಿಗೆ ಒಪ್ಪಿಸ್ತೀನಿ. ನಾನ್ ಎಬ್ಬಿಸಿದ್ದು ಹೆಂಗ್ ಓಡುತ್ತೆ ಅಂತ ನಾನೂ ಒಂದ್ಸಲ ನೋಡ್ಬೇಡ್ವಾ?"