ತಿಳಿಹಸಿರು ಡಿಸ್ಟೆಂಪರ್

ಗೋಡೆ ಸುಮ್ಮನೆ ನಿಂತಿರುತ್ತದೆ ಎನ್ನುವವರು ಅದಕ್ಕೆ ಒಮ್ಮೆಯೂ ಬಣ್ಣ ಬಳಿದಿರುವುದಿಲ್ಲ. ನಾನು ಬಳಿದಿದ್ದೇನೆ. ನಮ್ಮ ಜಗಲಿಯ ಗೋಡೆ ನನ್ನೊಡನೆ ಜಗಳಕ್ಕೇ ನಿಂತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಕುಮಟೆಯ ನಮ್ಮ ಮನೆಗೆ ತಂಗಿ ಸಾವಿತ್ರಿಯನ್ನು ನೋಡಲು ಭಟ್ಕಳದ ಕಡೆಯಿಂದ ವರನ ಮನೆಯವರು ಬರುವವರಿದ್ದರು. ಹಿಂದೆ ಬಂದವರೆಲ್ಲ ಉಪ್ಪಿಟ್ಟು ತಿಂದು, ಸುಣ್ಣ ಉದುರುವ ಜಗಲಿ ನೋಡಿ, ಸುದ್ದಿಯಿಲ್ಲದೆ ಹೋಗಿದ್ದರು. ತಪ್ಪು ಗೋಡೆಯದೇ ಎಂದು ತೀರ್ಮಾನಿಸಿ, ನೀರಿನಲ್ಲಿ ಕಲಸಿ ಬಳಿಯುವ, ಪೇಟೆಗೆ ಹೊಸದಾಗಿ ಬಂದಿದ್ದ ಡಿಸ್ಟೆಂಪರ್ ಪುಡಿ ತಂದೆ. ಬಳಿಯುವವರನ್ನು ಕರೆಯೋಣ ಎಂದಳು ಹೆಂಡತಿ. ಸಂಸ್ಕೃತ ಕಲಿಸುವ ಮಾಸ್ತರನಿಗೆ ಕುಂಚ ಹಿಡಿಯಲು ಬಾರದೇ? ಚಿತ್ರ ಬರೆಯುವ ಮೊದಲು ಭಿತ್ತಿಯನ್ನು ಹೇಗೆ ಹದ ಮಾಡಬೇಕೆಂದು ನಮ್ಮ ಹಿರಿಯರು ಶಾಸ್ತ್ರವನ್ನೇ ಬರೆದಿಟ್ಟಿದ್ದಾರೆ. ಶಾಸ್ತ್ರವನ್ನು ನಾನು ಓದಿದ್ದೆ, ಗೋಡೆ ಓದಿರಲಿಲ್ಲ.

ಬಣ್ಣ ಹಸಿಯಿದ್ದಾಗ ಎಷ್ಟು ಚೆಂದ! ಒಣಗಿತೋ, ಹಳೆಯ ಗಾರೆಯ ಮೇಲೆ ಗಾಢ, ಹೊಸ ತೇಪೆಯ ಮೇಲೆ ಪೇಲವ. ಪೇಲವವಾದಲ್ಲಿ ಇನ್ನೊಂದು ಕೈ ಬಳಿದರೆ ಅದರ ಅಂಚೇ ಎದ್ದು ಅಣಕಿಸುತ್ತಿತ್ತು. ಪುಡಿ ಮುಗಿಯುತ್ತ ಬಂದಂತೆ ಸಿಟ್ಟಿನಿಂದ ನೀರು ಹೆಚ್ಚಿಸಿದೆ.

“ಅಣ್ಣ, ಗೋಡೆ ಮೇಲೆ ಮೋಡ ಹಾಕಿದಾಂಗೆ ಇದ್ದು,” ಎಂದಳು ಸಾವಿತ್ರಿ.

“ಯಾರ ಸಲುವಾಗಿ ಈ ಒದ್ದಾಟ?” ಎಂದು ಗುಡುಗಿದೆ.

“ಮದುವೆ ಗೋಡೆಗಾ, ನನಗಾ?”

ವರನೂ ಮಾಸ್ತರನೇ. ಹೊನ್ನಾವರದಲ್ಲಿ ದೋಣಿಯಲ್ಲಿ ಶರಾವತಿ ದಾಟಿ, ಬಸ್ಸಿನಲ್ಲಿ ಕುಲುಕಿಸಿಕೊಂಡು ತಾಯಿಯೊಡನೆ ಬಂದವನು ಸುಸ್ತಾಗಿ ನನ್ನ ಗೋಡೆಗೇ ಒರಗಿ ಕುಳಿತ. ಒರಗಬೇಡಿ ಎಂದು ಬೀಗರಾಗಬೇಕಾದವರಿಗೆ ಹೇಳುವುದು ಹೇಗೆ? ಉಪ್ಪಿಟ್ಟು ತಿಂದು ಕೈತೊಳೆಯಲು ಎದ್ದು ತಿರುಗಿದ. ಬಿಳಿ ಅಂಗಿಯ ಬೆನ್ನೆಲ್ಲ ತಿಳಿಹಸಿರು! ಬಾಗಿಲಲ್ಲಿದ್ದ ಸಾವಿತ್ರಿ ತಡೆಯಲಾರದೆ ನಕ್ಕುಬಿಟ್ಟಳು. ಅವನ ತಾಯಿಯ ಹುಬ್ಬು ಗಂಟಾಯಿತು. ಈ ಸಂಬಂಧವೂ ಹೋಯಿತು ಎಂದುಕೊಂಡೆ.

“ಎಂತ ಆತು?” ಎಂದ ಅವನು.

“ಅಣ್ಣ ಬಳಿದ ಬಣ್ಣ,” ಎಂದಳು ಸಾವಿತ್ರಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. “ಗೋಡೆ ಮೇಲೆ ನಿಲ್ಲಲಿಲ್ಲೆ.”

ಅವನು ಅಂಗಿಯ ಬೆನ್ನನ್ನು ಮುಂದಕ್ಕೆ ಎಳೆದು ನೋಡಿದ. ಗೋಡೆಯನ್ನು ನೋಡಿದ. ಸಾವಿತ್ರಿಯನ್ನು ತುಸು ಹೆಚ್ಚು ಹೊತ್ತು ನೋಡಿದ.

“ಭಾವ,” ಎಂದ ನನ್ನ ಕಡೆ ತಿರುಗಿ. ಒಪ್ಪಿಗೆಯ ಮಾತನ್ನು ಯಾರೂ ಇನ್ನೂ ಆಡಿರಲಿಲ್ಲ! “ಅಂಗಿಗೆ ಮಾತ್ರ ಸಮಾ ಹತ್ತಿದ್ದು.”

ಅವನ ತಾಯಿಯೂ ನಕ್ಕರು. ಮನುಷ್ಯರು ಹತ್ತಿರವಾಗಬೇಕಾದರೆ ಅಷ್ಟಿಷ್ಟು ಬಣ್ಣ ಬಿಡಬೇಕಾಗುತ್ತದೇನೋ. ಇದನ್ನು ಹೆಂಡತಿಗೆ ಹೇಳೋಣವೆಂದು ಒಳಗೆ ಹೋದೆ. ನನ್ನ ಕಾಲಿಗಂಟಿ ಒಳಗಿನ ನೆಲಕ್ಕಾಗಿದ್ದ ಹಸಿರು ಕಲೆಗಳನ್ನು ತಿಕ್ಕುತ್ತಿದ್ದ ಅವಳ ಮುಖ ನೋಡಿ, ಹೇಳದೆ ಹೊರಗೆ ಬಂದೆ.