ಗೋಲಿನ ಮುಂದಿನ ಗುಂಡಿ

ತಾತನ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಸುಣ್ಣ ಕೂತಿರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದು. ಚಾಮರಾಜನಗರದ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತಿದ್ದ ಅವರನ್ನು ನಾವು ಹುಡುಗಿಯರೆಲ್ಲ ತಾತ ಎಂದೇ ಕರೆಯುತ್ತಿದ್ದೆವು. ಗೆರೆ ಎಳೆಯುವುದು, ನೀರು ಹಾಯಿಸುವುದು, ಗೋಲಿಗೆ ಬಲೆ ಕಟ್ಟುವುದು, ದನ ಅಟ್ಟುವುದು, ಎಲ್ಲ ಅವರದೇ. ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದರೆ ಕ್ಲಬ್ಬಿನ ಅಧ್ಯಕ್ಷರನ್ನೂ ಬಿಡುತ್ತಿರಲಿಲ್ಲ. "ಇದೇನ್ ದನಿನ್ ಕೊಟ್ಟಿಗೆನಾ ಸ್ವಾಮಿ?" ಎಂದು ಕೇಳಿಯೇಬಿಡುತ್ತಿದ್ದರು. ಅಂಥ ಬಾಯಿ ನಮ್ಮ ಮೇಲೆ ಹೇಗೆ ತಿರುಗಿತು ಎಂಬುದನ್ನು ನಾನು ಮರೆತಿಲ್ಲ. ಮರೆಯುವ ಇರಾದೆಯೂ ಇಲ್ಲ.

ಆಗ ನಾನು ಹೈಸ್ಕೂಲು. ಉಮ್ಮತ್ತೂರಿನಿಂದ ಬೇಗನೆ ಬಸ್ಸಿಗೆ ಬಂದು, ಶಾಲೆ ಶುರುವಾಗುವವರೆಗೆ ಗೆಳತಿಯರ ಜೊತೆ ಮೈದಾನದ ಬೇಲಿ ಹಿಡಿದು ನಿಲ್ಲುತ್ತಿದ್ದೆ. ಮೈದಾನವೇನಿದ್ದರೂ ಹುಡುಗರದು. ಒಂದು ದಿನ ತಾತನೇ ಕರೆದರು: "ಬೇಲಿ ಮ್ಯಾಲೆ ಯಾಕ್ ನೇತಾಡೀರಿ? ಒಳೀಕ್ ಬನ್ನಿ. ಮುಳ್ಳು ಆಯ್ಕೊಡಿ, ಆಮೇಕೆ ಆಡ್ಕಳಿ."

ನಮ್ಮ ಕಡೆಯ ನೆಗ್ಗಿನ ಮುಳ್ಳು ಪೊರಕೆಗೂ ಸಿಗುವುದಿಲ್ಲ, ಕಣ್ಣಿಗೂ ಸಿಗುವುದಿಲ್ಲ. ಕಾಲಿಗೇ ಸಿಗಬೇಕು. ಪ್ರತಿ ಶನಿವಾರ ಬರಿಗಾಲಲ್ಲಿ, ಒಬ್ಬರ ಕೈ ಒಬ್ಬರು ಹಿಡಿದು, ಈ ಗೋಲಿನಿಂದ ಆ ಗೋಲಿಗೆ ನಡೆಯುತ್ತಿದ್ದೆವು. ನಡುವೆ ತಾತ. ಯಾರಾದರೂ "ಅಯ್ಯೋ" ಎಂದರೆ ಸಾಲು ನಿಲ್ಲುತ್ತಿತ್ತು. ಮುಳ್ಳು ಕಿತ್ತು ಡಬ್ಬಕ್ಕೆ ಹಾಕಿ ಮತ್ತೆ ನಡಿಗೆ. ಅದಕ್ಕೆ ಪ್ರತಿಯಾಗಿ ದಿನಾ ಬೆಳಗ್ಗೆ ಹುಡುಗರು ಬರುವವರೆಗೆ ಮೈದಾನ ನಮ್ಮದು.

ಆಟ ಕಲಿಸಿದವರೂ ಅವರೇ. "ಎದುರ್ಗಿರೋಳ ಕಣ್ ನೋಡ್ಬ್ಯಾಡ ಕಣಮ್ಮಿ, ಕಾಲೂ ನೋಡ್ಬ್ಯಾಡ, ಎರಡೂ ಸುಳ್ಳೇಳ್ತವೆ. ಸೊಂಟ ನೋಡು" ಎನ್ನುತ್ತಿದ್ದರು. ಯಾರೋ ಹುಡುಗ ನಮ್ಮ ಬಗ್ಗೆ ಗೊಣಗಿದಾಗ, "ಹೆಣ್ಮಕ್ಳು ಆಡುದ್ರೆ ನೆಲ ಸವ್ದೋಯ್ತದೇನ್ಲಾ?" ಎಂದು ಅಟ್ಟಿಸಿಕೊಂಡು ಹೋಗಿದ್ದರು. ಆ ದಿನ ಅವರಿಗಾಗಿ ಪ್ರಾಣವನ್ನೇ ಕೊಡುತ್ತಿದ್ದೆ.

ಕ್ಲಬ್ಬಿನ ಹುಡುಗರ ಪಂದ್ಯಾವಳಿ ಹತ್ತಿರ ಬಂದಿತ್ತು. ಮೈದಾನದ ಪಕ್ಕದ ಜಾಗದಲ್ಲಿ ಯಾರದೋ ಬೀಗರೂಟ. ಊಟ ಹಾಕಿಸುತ್ತಿದ್ದವರು ತಾತನ ಮಗನಿಗೆ ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇನೆಂದು ಮಾತು ಕೊಟ್ಟವರು. ಬಯಲಲ್ಲಿ ಗಾಳಿ ಹೆಚ್ಚು, ಒಲೆ ಉರಿಯುವುದಿಲ್ಲ ಎಂದು ಅಡುಗೆಯವರು ಅಂದದ್ದಕ್ಕೆ, ಗೋಡೆ ಮರೆಯಿದ್ದ ಗೋಲಿನ ಮುಂದೆಯೇ ಒಲೆ ತೋಡಲು ತಾತ ಬಿಟ್ಟರು. ಮಾರನೆಯ ಬೆಳಗ್ಗೆ ನಾವು ಹೋದಾಗ ತಾತ ಬೂದಿಯನ್ನೂ ತೆಗೆಯದೆ ಮೇಲೆ ಮಣ್ಣೆಳೆದು ಗುಂಡಿ ಮುಚ್ಚುತ್ತಿದ್ದರು. ನಾವೂ ಕುಣಿದು ತುಳಿದುಕೊಟ್ಟೆವು.

ಮಳೆ ಬಂತು, ಬೂದಿ ಕುಸಿಯಿತು. ಮೊದಲ ಪಂದ್ಯದಲ್ಲೇ ಗೋಲ್‌ಕೀಪರ್ ಕಾಲು ಅದರಲ್ಲಿ ಸಿಕ್ಕಿ ಉಳುಕಿತು. ಕ್ಲಬ್ಬಿನ ಕಾರ್ಯದರ್ಶಿ ತಾತನನ್ನು ಎಲ್ಲರೆದುರು ನಿಲ್ಲಿಸಿ, "ಏನ್ರೀ ಇದು ಗುಂಡಿ?" ಎಂದರು. ನಾನು ತಾತನ ಮುಖವನ್ನೇ ನೋಡುತ್ತಿದ್ದೆ.

"ಈ ಹೆಣ್ಮಕ್ಳು ದಿನಾ ಬತ್ತವಲ್ಲ ಸಾರ್," ಎಂದರು ತಾತ. "ಇಲ್ಲೇ ಕುಣ್ದು ಕುಣ್ದು ಹಿಂಗ್ ಮಾಡವೆ."

"ತಾತ, ಒಲೆ..." ಎಂದೆ.

"ಸುಮ್ಕಿರಮ್ಮಿ, ದೊಡ್ಡೋರ್ ಮಾತಾಡ್ವಾಗ."

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ನಾಳೆಯಿಂದ ಹುಡುಗಿಯರು ಒಳಗೆ ಕಾಲಿಡಕೂಡದು ಎಂದು ಅಲ್ಲೇ ತೀರ್ಮಾನವಾಯಿತು. ತಾತ ಬಲೆ ಸರಿಮಾಡಲು ಹೋದರು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಅದಕ್ಕಿಂತ ಹೆಚ್ಚು ಉರಿದದ್ದು ಆಮೇಲೆ. ಫೈನಲ್ ಹಿಂದಿನ ದಿನ ತಾತ ಬಸ್ ನಿಲ್ದಾಣಕ್ಕೇ ಬಂದರು, ಏನೂ ಆಗದವರ ಹಾಗೆ. "ಬೆಳಗ್ಗೆ ಮುಳ್ಳು ಆಯಕ್ಕೆ ಬನ್ನಿ ಕಣಮ್ಮಿ."

"ಆಡಕ್ಕೆ?"

"ಅದೊಂದ ಈಗ ಕೇಳ್ಬ್ಯಾಡ."

ನಾನು ಬಸ್ಸು ಹತ್ತಿದೆ. ಆಡಲು ಜಾಗವಿಲ್ಲದೆ ಗೆಳತಿಯರು ಒಬ್ಬೊಬ್ಬರಾಗಿ ಆಟ ಬಿಟ್ಟರು. ನಮ್ಮಲ್ಲಿ ನನಗಿಂತ ಚೆನ್ನಾಗಿ ಆಡುವವಳೊಬ್ಬಳಿದ್ದಳು. ಅವಳು ಮತ್ತೆ ಚೆಂಡು ಮುಟ್ಟಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಹಟಕ್ಕೆ ಬಿದ್ದು ಓದಿ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆದೆ. ತಾತ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಒಮ್ಮೆ ನೋಡಲು ಹೋದೆ. ಗುರುತು ಹಿಡಿದರು. "ಇನ್ನೂವೆ ಕ್ವಾಪವಾ?"

"ಹೂಂ."

"ಒಲೆ ಮಾತೆತ್ತುದ್ರೆ ಮಗನ ಕೆಲ್ಸ ತಪ್ಪೋಯ್ತದೆ ಅಂತ ಹೆದ್ರಿಬುಟ್ಟೆ. ನೀವು ಮಕ್ಳು, ಮರ್ತ್‌ಬುಡ್ತೀರಿ ಅನ್ಕಂಡೆ."

ಮರೆತಿಲ್ಲ ಎಂದೆ. ಅವರ ಸೊಸೆ ಕೊಟ್ಟ ಟೀ ಕುಡಿದು ಬಂದೆ. ಸ್ವಲ್ಪ ದಿನಕ್ಕೆ ತೀರಿಕೊಂಡರು. ಸುದ್ದಿ ಕೇಳಿ ಅತ್ತುಬಿಟ್ಟೆ, ಅಳುತ್ತಲೇ ಬೈದೆ. ಆಟ ಕೊಟ್ಟವರೂ ಅವರೇ, ಕಿತ್ತುಕೊಂಡವರೂ ಅವರೇ. ಯಾವುದನ್ನು ಯಾವುದರಲ್ಲಿ ಕಳೆಯುವುದೋ ನನಗೆ ತಿಳಿಯದು.

ಮೊನ್ನೆ ನಮ್ಮ ಶಾಲೆಯ ಮೈದಾನ ಕಿತ್ತುಹೋಗಿದೆಯೆಂದು ಹೆಡ್‌ಮಾಸ್ಟರು ಕೂಗಾಡುತ್ತಾ ಬಂದರು. "ಯಾರು ಮಾಡಿದ್ದು ಇದನ್ನ?" ಸಾಲಾಗಿ ನಿಂತಿದ್ದ ನನ್ನ ಹುಡುಗಿಯರು ಅವರನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು.

"ನಾನೇ ಆಡಿಸಿದ್ದು ಸಾರ್," ಎಂದೆ. "ನಾಳೆಯೂ ಆಡಿಸ್ತೀನಿ."