ಬಾಜೂ ಮನೆಯವನ ಹೊಟ್ಟೆ

ನಮ್ಮ ಬಾಜೂ ಮನೆಯಲ್ಲಿ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಇದ್ದ. ಕಿಡ್ನಿ ಕೆಟ್ಟು ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಅದರ ಮಾತೇ ಆಡುತ್ತಿರಲಿಲ್ಲ, ಹೊಟ್ಟೆಯದೇ ಚಿಂತೆ. ಊಟ ಕಂಡರೆ ವಾಕರಿಕೆ, ಮಲ ಕಟ್ಟಿ ಹೊಟ್ಟೆ ಹಲಗೆಯಂತೆ ಬಿಗಿ. ಮುಂಜಾನೆ ಗೋಡೆಯ ಮೇಲಿಂದ ಇಣುಕಿ, ಗಾಳಿಯಲ್ಲಿ ಗೇರ್ ಎಳೆದು ತೋರಿಸಿ, "ಬೀಳವಲ್ದ್ರಿ ಅಕ್ಕಾರ" ಅನ್ನುತ್ತಿದ್ದ.

ಮಲ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎದೆ ನಿಂತೀತು ಎಂದು ಡಾಕ್ಟರರು ಸಿರಪ್ ಕೊಟ್ಟಿದ್ದರು. ಎಳನೀರು, ಬಾಳೆಹಣ್ಣು ಮುಟ್ಟಬೇಡ ಎಂದಿದ್ದರು. ನಮ್ಮ ಕಡೆ ಬೇನೆಯವರನ್ನು ನೋಡಲು ಬರುವವರು ತರುವುದೇ ಅವೆರಡು.

ಒಮ್ಮೆ ಅವನ ಹೆಂಡತಿಯ ತಮ್ಮ ಶಲವಡಿಯಿಂದ ಚೀಲದ ತುಂಬ ಎಳನೀರು ಹೊತ್ತು ಬಂದ.

"ಕುಡೀರಿ ಮಾವಾ, ಹೊಟ್ಟಿ ತಂಪಾಕ್ಕತಿ."

"ನನಗ ಬ್ಯಾಡಂದಾರಲೇ. ಹೊತ್ತು ತಂದೀ, ನೀನ ಕುಡಿ."

ಒಂದಾದ ಮೇಲೊಂದು ಕೆತ್ತಿ ಎಲ್ಲವನ್ನೂ ಅವನಿಗೇ ಕುಡಿಸಿದ. ಸ್ವಲ್ಪ ಹೊತ್ತಿಗೆ ಬಂದವನು ಪಾಯಖಾನೆ ಸೇರಿ ಚಿಲಕ ಹಾಕಿಕೊಂಡ. ಆಗಲೇ ನಮ್ಮ ಡ್ರೈವರನಿಗೂ ಸಿರಪ್ ಕೆಲಸ ಮಾಡಿತು.

"ಹೊರಗ ಬಾರಲೇ ಮಗನ!" ಎಂದು ಬಾಗಿಲು ಬಡಿದ.

"ಇನ್ನೂ ಮುಗದಿಲ್ರೀ ಮಾವಾ!"

"ನಮ್ಮನಿಗೆ ಬಾರೋ ಹುಚ್ಚಾ, ಖಾಲಿ ಐತಿ!" ಎಂದು ನಾನು ಕೂಗಿದೆ.

ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಲುಂಗಿ ಹಿಡಿದು ನಮ್ಮ ಅಂಗಳ ದಾಟಿ ಓಡಿದ. ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಏನ್ ನಗ್ತೀರಿ? ಹಸಿವಿ ಆಗೇತಿ" ಎಂದ.

ಅವನ ಬಾಯಿಂದ ಆ ಮಾತು ಕೇಳಿ ತಿಂಗಳುಗಳೇ ಆಗಿದ್ದವು. ಅವನು ಕೈ ತೊಳೆಯುವುದರೊಳಗೆ ಹೆಂಡತಿ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳಿಸಿತು.